ಬೀಗದ ಕೈ ಯಾರ ಹತ್ರ ಇದೆ? ಬೆಂಗಳೂರು ಸುತ್ತಲಿನ ಸಣ್ಣ ಮ್ಯೂಸಿಯಂ, ಹಳೇ ಕಟ್ಟಡ ನೋಡುವವರು ಸ್ವಲ್ಪ ಹೇಳಿ

ರಾಜಾಜಿನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ಮೊದಲು ಹೋದ ಭಾನುವಾರದ ಕಥೆ. ಪ್ರಶ್ನೆ ಆಮೇಲೆ.

ಮಗಳು ಏಳನೇ ಕ್ಲಾಸು. ‘ನಮ್ಮ ಸುತ್ತಲಿನ ಇತಿಹಾಸ’ ಅಂತ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮಾಲ್ ಬಿಟ್ಟು ಬೇರೆ ಎಲ್ಲಾದರೂ ಕರೆದುಕೊಂಡು ಹೋಗಲು ನನಗೂ ಒಂದು ನೆಪ ಬೇಕಿತ್ತು. ನನ್ನ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಊರಿನ ಹೆಸರು ಬೇಡ. ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿ. ಅಲ್ಲಿ ಒಂದು ಹಳೇ ತೊಟ್ಟಿಮನೆಯನ್ನು ಸಣ್ಣ ಮ್ಯೂಸಿಯಂ ಮಾಡಿದ್ದಾರೆ ಅಂತ ಯಾರೋ ಹೇಳಿದ್ದರು.

ಬೋರ್ಡಿನಲ್ಲಿ ಹತ್ತರಿಂದ ಐದು ಅಂತ ಇತ್ತು. ನಾವು ತಲುಪಿದಾಗ ಹನ್ನೊಂದು. ಬಾಗಿಲಿಗೆ ಅಂಗೈ ಅಗಲದ ಬೀಗ! ಫೋನಿನ ಮ್ಯಾಪ್ ಮಾತ್ರ ‘ಈಗ ತೆರೆದಿದೆ’ ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತಲೇ ಇತ್ತು.

ಎದುರಿನ ಟೀ ಅಂಗಡಿಯಲ್ಲಿ ಕೇಳಿದೆ. ‘ಬೀಗದ ಕೈ ಮೂರನೇ ಮನೆ ಅಜ್ಜಿ ಹತ್ರ ಇರುತ್ತೆ. ಅವರು ಹೊಲಕ್ಕೆ ಹೋಗವ್ರೆ’ ಅಂದರು. ಮುಕ್ಕಾಲು ಗಂಟೆ ಕಾದೆವು. ಅಜ್ಜಿ ಮಡಿಲು ತುಂಬಾ ಅವರೆಕಾಯಿ ಕಟ್ಟಿಕೊಂಡು ಬಂದರು. ಕಾಯಿಯನ್ನು ಜಗುಲಿಗೆ ಸುರಿದು, ಸೊಂಟದಿಂದ ಬೀಗದ ಕೈ ತೆಗೆದರು.

ಒಳಗೆ ಎರಡೇ ಕೋಣೆ. ಒಂದು ಮೂಲೆಯಲ್ಲಿ ಮರದ ಬಟ್ಟಲಿನಂಥದ್ದು. ಸುತ್ತ ತೂತುಗಳು. ಚೀಟಿಯಲ್ಲಿ ‘ಮರದ ವಸ್ತು’ ಅಂತ ಬರೆದಿತ್ತು. ಅಷ್ಟೇ. ಅದು ಮರದ್ದು ಅಂತ ನಮಗೂ ಕಾಣುತ್ತಿತ್ತು. ಅಜ್ಜಿ ನಕ್ಕರು. ‘ಕೂರಿಗೆ ಬಟ್ಟಲು ಕಣವ್ವ. ಈ ತೂತುಗಳಿಗೆ ಬಿದಿರ ಕೊಳವೆ ಸಿಕ್ಕಿಸೋದು. ಮೇಲಿಂದ ರಾಗಿ ಬಿಟ್ಟರೆ ಒಂದೊಂದು ಸಾಲಿಗೂ ಸಮವಾಗಿ ಬೀಳಬೇಕು. ಕೈ ಹದ ತಪ್ಪಿದರೆ ಅರ್ಧ ಹೊಲ ಬೋಳು’ ಅಂತ ಕೈ ಆಡಿಸಿ ತೋರಿಸಿದರು. ಮಗಳ ಪ್ರಾಜೆಕ್ಟ್ ಅಲ್ಲಿಗೇ ಮುಗಿಯಿತು ಅನ್ನಿ.

ಈಗ ಪ್ರಶ್ನೆ. ಇಂಥ ಜಾಗಗಳಿಗೆ ಹೋಗುವವರು ಏನು ಮಾಡುತ್ತೀರಿ? ಬೀಗದ ಕೈ ಯಾರ ಹತ್ರ ಅಂತ ಮೊದಲೇ ತಿಳಿಯುವ ದಾರಿ ಇದೆಯಾ? ಒಂದು ದಿನದಲ್ಲಿ ಹೋಗಿ ಬರುವ ಜಾಗಗಳು ಯಾವುವು? ಮಕ್ಕಳಿಗೂ ಬೇಜಾರಾಗಬಾರದು, ಮಂಡಿ ನೋವಿರುವ ಅಮ್ಮನಿಗೂ ಕಷ್ಟ ಆಗಬಾರದು.

ಕಲ್ಲೋದುಗ

ಇಪ್ಪತ್ತು ವರ್ಷದಿಂದ ಹಳ್ಳಿ ಸುತ್ತಿ ಶಾಸನ ನೋಡುವ ಹುಚ್ಚು ನನಗೆ. ನಿಮ್ಮ ಶೀರ್ಷಿಕೆ ಓದಿ ನಗು ಬಂತು. ಈ ಹವ್ಯಾಸದಲ್ಲಿ ಅರ್ಧ ಕೆಲಸ ಬೀಗದ ಕೈ ಹುಡುಕುವುದೇ.

ಮೊದಲೇ ತಿಳಿಯುವ ದಾರಿ ಇಲ್ಲ. ಆದರೆ ಅಭ್ಯಾಸವಾದರೆ ಊಹೆ ಮಾಡಬಹುದು. ದೇವಸ್ಥಾನವಾದರೆ ಅರ್ಚಕರ ಮನೆ. ಹಳ್ಳಿ ಗುಡಿಗಳಲ್ಲಿ ಬೆಳಗಿನ ಪೂಜೆ ಬೇಗ ಮುಗಿದುಹೋಗುತ್ತದೆ. ಅರ್ಚಕರು ಬೀಗ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತಾರೆ, ಆ ಸಂಬಳದಲ್ಲಿ ಅವರ ಮನೆ ನಡೆಯುವುದಿಲ್ಲ. ಹಾಗಾಗಿ ಎಂಟೂವರೆ ಒಳಗೆ ಹೋಗಬೇಕು. ಸ್ಮಾರಕ ಭವನ, ಸಣ್ಣ ಮ್ಯೂಸಿಯಂ ಅಂದರೆ ಪಂಚಾಯ್ತಿ ಆಫೀಸಿನಲ್ಲಿ ಇಲ್ಲವೇ ಪಕ್ಕದ ಶಾಲೆಯಲ್ಲಿ ಕೇಳಿ. ಭಾನುವಾರ ಅವೆರಡೂ ಇರುವುದಿಲ್ಲ. ಶನಿವಾರ ಬೆಳಗ್ಗೆಯೇ ಒಳ್ಳೆಯದು.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ತೆಗೆಯಬೇಡಿ. ಹಳ್ಳಿಗಳಲ್ಲಿ ನಿಧಿ ಕಳ್ಳರ ಕಾಟ ನಿಜವಾಗಿಯೂ ಇದೆ. ಬಸವನ ಹೊಟ್ಟೆ ಒಡೆದು, ಲಿಂಗ ಕಿತ್ತು, ವೀರಗಲ್ಲಿನ ಬುಡ ಅಗೆದು ಹೋಗಿರುವುದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ. ಹೊಸಬರು ಬಂದು ಕಲ್ಲಿಗೆ ಟೇಪು ಹಿಡಿದು ಅಳತೆ ತೆಗೆದರೆ ಊರವರಿಗೆ ಅನುಮಾನ ಬರದೇ ಇರುತ್ತದೆಯೇ? ಒಮ್ಮೆ ಕೋಲಾರದ ಕಡೆ ಹತ್ತು ಹುಡುಗರು ನನ್ನನ್ನು ಸುತ್ತುಗಟ್ಟಿದ್ದರು. ಒಬ್ಬರು ಹಿರಿಯರು ಬಂದು ‘ಯಾವೂರು, ಯಾರ ಪೈಕಿ’ ಅಂತ ವಿಚಾರಿಸಿ ಬಿಡಿಸಿದರು. ಆಮೇಲೆ ಅದೇ ಹುಡುಗರು ತೋಟದಲ್ಲಿದ್ದ ಇನ್ನೊಂದು ಕಲ್ಲನ್ನೂ ತೋರಿಸಿದರು.

ಅರಳಿಕಟ್ಟೆಯಲ್ಲಿ ಐದು ನಿಮಿಷ ಕೂತು, ಯಾವ ಊರಿನಿಂದ ಬಂದಿದ್ದೀರಿ, ಏನು ನೋಡಬೇಕು ಅಂತ ಹೇಳಿ. ಬೀಗದ ಕೈ ತಾನಾಗೇ ನಡೆದು ಬರುತ್ತದೆ.

ಯಲಹಂಕದವಳು

ಬಳ್ಳಾರಿ ರಸ್ತೆ ಕಡೆ ಹೋಗುವುದಾದರೆ ಒಂದು ದಿನದ ದಾರಿ ನಾನು ಹೇಳುತ್ತೇನೆ. ಮಕ್ಕಳ ಜೊತೆ ಎರಡು ಸಲ ಮಾಡಿದ್ದೇನೆ.

ಬೆಳಗ್ಗೆ ಮೊದಲು ನಂದಿ. ಬೆಟ್ಟ ಅಲ್ಲ, ಬೆಟ್ಟದ ಬುಡದ ನಂದಿ ಗ್ರಾಮ. ಬೆಂಗಳೂರಿನ ಅರ್ಧ ಜನ ಬೆಳಗಿನ ಜಾವ ಎದ್ದು ಮೋಡ ನೋಡಲು ಬೆಟ್ಟ ಹತ್ತುತ್ತಾರೆ. ಕೆಳಗಿನ ಭೋಗನಂದೀಶ್ವರ ದೇವಸ್ಥಾನ ಆ ಹೊತ್ತಿಗೆ ಖಾಲಿ ಹೊಡೆಯುತ್ತಿರುತ್ತದೆ. 9ನೇ ಶತಮಾನದಷ್ಟು ಹಳೇ ಗುಡಿ. ಆಮೇಲೆ ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಅಂತ ಬಂದವರೆಲ್ಲ ಒಂದೊಂದು ಭಾಗ ಸೇರಿಸಿದ್ದಾರೆ. ಅರುಣಾಚಲೇಶ್ವರ, ಭೋಗನಂದೀಶ್ವರ ಅಂತ ಎರಡು ದೊಡ್ಡ ಗುಡಿಗಳು. ನಡುವೆ ಉಮಾಮಹೇಶ್ವರನದು ಪುಟ್ಟದು. ಅದರ ಮುಂದಿನ ಕಪ್ಪು ಕಲ್ಲಿನ ಕಲ್ಯಾಣ ಮಂಟಪದ ಕಂಬಗಳಲ್ಲಿ ಬಳ್ಳಿ, ಗಿಳಿ. ನನ್ನ ಮಗ ಗಿಳಿ ಎಣಿಸಲು ಕೂತು ಅರ್ಧ ಗಂಟೆ ಏಳಲೇ ಇಲ್ಲ. ಒಳಗಿನ ಕಲ್ಯಾಣಿ ಅಂತೂ ನೋಡಲೇಬೇಕು. ಅಮ್ಮನಿಗೆ ಹೆಚ್ಚು ಹತ್ತುವುದು ಇಳಿಯುವುದು ಇಲ್ಲ. ಆದರೆ ಕಲ್ಲಿನ ಅಂಗಳ, ಬರಿಗಾಲು. ಬಿಸಿಲು ಏರುವ ಮೊದಲೇ ಮುಗಿಸಿ.

ಅಲ್ಲಿಂದ ಮುದ್ದೇನಹಳ್ಳಿ ಹತ್ತಿರ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆಯೇ ಈಗ ಮ್ಯೂಸಿಯಂ. ದೊಡ್ಡದೇನಲ್ಲ. ಅವರ ಕೋಟು, ಕನ್ನಡಕ, ಪೆನ್ನು, ಕಪ್ಪು, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಲು ಇಟ್ಟುಕೊಂಡಿದ್ದ ಅಚ್ಚಿನ ಮೊಳೆ. 1955ರಲ್ಲಿ ಬಂದ ಭಾರತ ರತ್ನ, ಕೃಷ್ಣರಾಜಸಾಗರದ ಮಾದರಿ. ಹತ್ತಿರದಲ್ಲೇ ಸಮಾಧಿ. ನನಗೆ ಇಷ್ಟವಾಗುವುದು ಆ ಕಾರ್ಡಿನ ಅಚ್ಚು. ಅಣೆಕಟ್ಟು ಕಟ್ಟಿದ ಮನುಷ್ಯ ತನ್ನ ಹೆಸರಿನ ಚೀಟಿಯ ಅಚ್ಚನ್ನೂ ಜೋಪಾನ ಮಾಡಿಟ್ಟಿದ್ದರು ಅಂದರೆ ಎಂಥ ಶಿಸ್ತು ನೋಡಿ.

ವಾಪಸ್ ಬರುವಾಗ ದೇವನಹಳ್ಳಿ ಕೋಟೆ. ಏರ್‌ಪೋರ್ಟಿಗೆ ಹೋಗುವವರು ಯಾರೂ ಅಷ್ಟು ದೂರ ಬರುವುದಿಲ್ಲ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದು ಆಮೇಲೆ ಹೈದರಾಲಿ ಕಾಲದ್ದು. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಹಿಡಿದುಕೊಂಡಿತು. ಕೋಟೆಯೊಳಗೆ ಇವತ್ತಿಗೂ ಮನೆ, ಅಂಗಡಿ, ವೇಣುಗೋಪಾಲಸ್ವಾಮಿ ಗುಡಿ ಎಲ್ಲ ಇವೆ. ಟಿಪ್ಪು ಹುಟ್ಟಿದ ಜಾಗ ಅಂತ ಹೊರಗೆ ಒಂದು ಸಣ್ಣ ಕಲ್ಲಿನ ಮಂಟಪ. ಎರಡು ನಿಮಿಷದಲ್ಲಿ ನೋಡಿ ಮುಗಿಯುತ್ತದೆ.

ಚಿಂತಾಮಣಿ ಕಡಲೆ

ಬೇಜಾರು ಮಾಡಿಕೊಳ್ಳಬೇಡಿ. ಈ ಸಣ್ಣ ಮ್ಯೂಸಿಯಂಗಳಲ್ಲಿ ನೋಡಲು ಏನೂ ಇರುವುದಿಲ್ಲ. ಧೂಳು ಹಿಡಿದ ನಾಲ್ಕು ಫೋಟೋ, ತುಕ್ಕು ಹಿಡಿದ ಒಂದು ಕತ್ತಿ, ಗೋಡೆಗೆ ಹಲ್ಲಿ. ಪೆಟ್ರೋಲಿಗೆ ಎರಡು ಸಾವಿರ ಸುರಿದು ಹೋಗಿ ಬೀಗ ನೋಡಿಕೊಂಡು ಬರುವುದು ಯಾರಿಗೆ ಬೇಕು? ನನ್ನ ಮಕ್ಕಳು ಹತ್ತು ನಿಮಿಷಕ್ಕೆ ‘ಅಪ್ಪಾ ಐಸ್‌ಕ್ರೀಂ’ ಅಂತಾರೆ.

ರಾಜಾಜಿನಗರದ ಅಪ್ಪ

ಕಡಲೆಯವರೇ, ನೀವು ಹೇಳಿದ್ದು ಅರ್ಧ ನಿಜ. ಅಜ್ಜಿ ಬರದೇ ಇದ್ದಿದ್ದರೆ ನಾನೂ ಇದನ್ನೇ ಬರೆಯುತ್ತಿದ್ದೆ. ಹಲ್ಲಿಯೂ ಇತ್ತು.

ಬಸ್ಸಲ್ಲೇ ಓಡಾಟ

ಕಡಲೆಯವರಿಗೆ ಪೆಟ್ರೋಲಿನ ಚಿಂತೆ. ನನ್ನ ಹತ್ರ ಕಾರೇ ಇಲ್ಲ, ಹಾಗಾಗಿ ಆ ಚಿಂತೆಯೂ ಇಲ್ಲ. ರೈಲಿನಲ್ಲಿ ವಿದುರಾಶ್ವತ್ಥಕ್ಕೆ ಹೋಗಿ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿದರೆ ಅದೇ ಹೆಸರಿನ ಸಣ್ಣ ಸ್ಟೇಷನ್ ಇದೆ. ಎಲ್ಲ ರೈಲೂ ನಿಲ್ಲುವುದಿಲ್ಲ, ಪ್ಯಾಸೆಂಜರ್ ನೋಡಿಕೊಳ್ಳಿ. ಮಾಕಳಿದುರ್ಗದ ಹತ್ತಿರ ರೈಲು ಬೆಟ್ಟಗಳ ನಡುವೆ ಹೋಗುವಾಗ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಬೇಡಿ.

ಜನ ಅಲ್ಲಿಗೆ ಹೋಗುವುದು ನಾಗರ ಕಲ್ಲುಗಳಿಗೆ. ಅಶ್ವತ್ಥ ಮರದ ಸುತ್ತ ಸಾವಿರಾರು ಕಲ್ಲುಗಳಿವೆ. ಹಳೇ ಮರ ಬಿದ್ದುಹೋಯಿತು. ಆದರೆ ನಾನು ಹೇಳುತ್ತಿರುವುದು ಪಕ್ಕದ ವೀರಸೌಧದ ಬಗ್ಗೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜಾತ್ರೆಗೆ ಬಂದವರೂ ಸತ್ತರು. ಸರ್ಕಾರ ಹೇಳಿದ ಲೆಕ್ಕ ಒಂದು, ಊರವರು ಹೇಳುವ ಲೆಕ್ಕ ಅದಕ್ಕಿಂತ ತುಂಬಾ ಜಾಸ್ತಿ. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲೂ ಧ್ವಜ ಸತ್ಯಾಗ್ರಹ ನಡೆದಿತ್ತು. ಈ ಗೋಲಿಬಾರಿನ ಗಲಾಟೆ ದೇಶಕ್ಕೆಲ್ಲ ಮುಟ್ಟಿತು. ಕೊನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಬಿಟ್ಟರು.

ಒಳಗೆ ಇರುವುದು ಫೋಟೋಗಳೇ, ಕಡಲೆಯವರು ಹೇಳಿದ ಹಾಗೆ. ನಾನು ಹೋದ ದಿನ ಒಬ್ಬ ಮುದುಕರು ಸ್ತೂಪದ ಮುಂದೆ ನಿಂತು ಹೆಸರುಗಳ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದರು. ಒಂದು ಹೆಸರಿನ ಹತ್ತಿರ ನಿಲ್ಲಿಸಿದರು. ನಾನು ಏನೂ ಕೇಳಲಿಲ್ಲ.

ನಿವೃತ್ತ ಮೇಷ್ಟ್ರು

ಮಕ್ಕಳಿಗೆ ಹತ್ತು ನಿಮಿಷಕ್ಕೆ ಬೇಜಾರು ಬರುವುದು ಕಲ್ಲು ಓದಲು ಯಾರೂ ಹೇಳಿಕೊಡದೇ ಇರುವುದರಿಂದ. ವೀರಗಲ್ಲು ಅಂದರೆ ನಮ್ಮ ಹಳ್ಳಿಗಳ ಚಿತ್ರಕಥೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಜಗಳ. ಪಕ್ಕದಲ್ಲಿ ಹಸುಗಳಿದ್ದರೆ ಅದು ತುರುಗಾಳಗ, ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವವರೆಗೂ ಇದು ನಿಲ್ಲಲಿ ಅಂತ. ಗಂಗರ ಕಾಲದ ಹಳೇ ಕಲ್ಲುಗಳಲ್ಲಿ ಒಂದೇ ಪಟ್ಟಿ ಇರುವುದೂ ಉಂಟು. ಮೇಲೆ ಕೈಯೊಂದು ಚಾಚಿ ನಿಂತಿದ್ದು, ಕೈಗೆ ಬಳೆ ಇದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳದು. ದಾನಶಾಸನದ ಕೆಳಗೆ ಕತ್ತೆಯ ಚಿತ್ರ ಇದ್ದರೆ ಅದು ಬೈಗುಳ. ದಾನ ಕೆಡಿಸಿದವರಿಗೆ. ಇದನ್ನು ವಿವರಿಸುವುದು ಅಪ್ಪ ಅಮ್ಮನ ಪಾಲಿಗೆ ಬಿಟ್ಟಿದ್ದೇನೆ.

ಇಷ್ಟು ಹೇಳಿಕೊಟ್ಟರೆ ಮಕ್ಕಳೇ ನಮಗಿಂತ ಮೊದಲು ಕಲ್ಲಿನ ಹತ್ತಿರ ಓಡುತ್ತಾರೆ. ನಲವತ್ತು ಮಕ್ಕಳನ್ನು ಬೇಗೂರಿಗೆ ಕರೆದುಕೊಂಡು ಹೋಗಿ ನೋಡಿದ್ದೇನೆ.

ಬೇಗೂರು ಈಗ ಹಳ್ಳಿಯಲ್ಲ, ಗೊತ್ತು. ಆದರೂ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ. ‘ಬೆಂಗಳೂರ ಕಾಳಗ’ ಅಂತ ಬರೆದಿರುವ, ಸುಮಾರು 890ರ ಕಲ್ಲು ಅಲ್ಲೇ ಇದೆ. ನಾಗತ್ತರನ ಕಡೆಯ ಬುಟ್ಟಣ ಸೆಟ್ಟಿ ಆ ಕಾಳಗದಲ್ಲಿ ಸತ್ತ ಅನ್ನುತ್ತದೆ. ಬೆಂದಕಾಳೂರಿನ ಕಥೆಯನ್ನು ಹೇಳುವ ಮೊದಲು ಎಲ್ಲರೂ ಒಮ್ಮೆ ಈ ಕಲ್ಲು ನೋಡಿ ಬರಬೇಕು ಅಂತ ನನ್ನ ಆಸೆ.

ಕಲ್ಲೋದುಗ

ಮೇಷ್ಟ್ರೇ, ಬೇಗೂರಿನ ದೊಡ್ಡ ವೀರಗಲ್ಲು ಅಲ್ಲಿಲ್ಲವಲ್ಲ. ಆನೆ, ಕುದುರೆ, ಸೈನ್ಯ ಎಲ್ಲ ಇರುವ ಆ ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸೇರಿತು. ಆತಕೂರಿನದೂ ಅಷ್ಟೇ. ನನ್ನ ಪ್ರಕಾರ ಕಲ್ಲು ಅದರ ಊರಿನಲ್ಲೇ ಇರಬೇಕು.

ಆತಕೂರಿನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದ್ದೂರು ತಾಲೂಕಿನ ಊರು, 10ನೇ ಶತಮಾನ. ಗಂಗ ದೊರೆ ಬೂತುಗ ತನ್ನ ಬಂಟ ಮಣಲೇರನಿಗೆ ‘ಏನು ಬೇಕು ಕೇಳು’ ಅಂದ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದ. ಆ ಜಾಗ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರು ಬದುರು ಇವೆ. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿಯೂ ಇದೆ. ಆದರೆ ಜನಕ್ಕೆ ಬೇಕಾಗಿರುವುದು ಕಾಳಿ.

ಈಗ ಹೇಳಿ. ಈ ಕಲ್ಲು ಆತಕೂರಿನಲ್ಲೇ ಇದ್ದಿದ್ದರೆ ಆ ಊರಿನ ಮಕ್ಕಳು ‘ನಮ್ಮೂರ ನಾಯಿ’ ಅಂತ ಹೇಳಿಕೊಂಡು ಬೆಳೆಯುತ್ತಿದ್ದರು, ಅಲ್ವಾ?

ಹೆಬ್ಬಾಳದ ಹುಡುಗ

ಊರಿನಲ್ಲೇ ಬಿಟ್ಟರೆ ಏನಾಗುತ್ತದೆ ಅಂತಲೂ ಹೇಳಿ ಸಾರ್. ಅರ್ಧ ಕಲ್ಲು ಮೋರಿ ಚಪ್ಪಡಿ, ಇನ್ನರ್ಧ ಬಟ್ಟೆ ಒಗೆಯುವ ಕಲ್ಲು.

ಆದರೂ ನಮ್ಮ ಏರಿಯಾದ ಕಥೆ ಹೇಳಿದರೆ ನೀವೇ ಗೆದ್ದ ಹಾಗೆ. 2018ರಲ್ಲಿ ಹೆಬ್ಬಾಳದಲ್ಲಿ ಮೋರಿ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750. ಕಿತ್ತಯ ಅನ್ನುವವನು ಕಾದಾಡಿ ಇಂದ್ರಲೋಕ ಸೇರಿದ ಅಂತ ಬರೆದಿದೆ. ಅದರಲ್ಲಿರುವ ‘ಪೆರ್ಬೊಳಲ್ ನಾಡು’ ನಮ್ಮ ಹೆಬ್ಬಾಳ ಕಡೆಯ ನಾಡು. ಅಷ್ಟು ದಿನ ನಾವು ಫ್ಲೈಓವರ್ ಅಂತ ಬೈದುಕೊಳ್ಳುತ್ತಿದ್ದ ಜಾಗಕ್ಕೆ 1,200 ವರ್ಷಕ್ಕೂ ಹಳೇ ವಿಳಾಸ! ಕಲ್ಲನ್ನು ಸಾಗಿಸಿಬಿಡುತ್ತಾರೇನೋ ಅಂತಿದ್ದೆವು. ಹವ್ಯಾಸಿಗಳೂ ಊರವರೂ ಸೇರಿ ಅಲ್ಲೇ ಮಂಟಪ ಕಟ್ಟಿಸಿದರು. ಈಗ ನನ್ನ ಅಜ್ಜಿ ಆ ಕಡೆ ಹೋದಾಗ ಒಂದು ಕೈ ಮುಗಿದು ಬರುತ್ತಾರೆ. ಯಾವ ದೇವರು ಅಂತ ಕೇಳಿದರೆ ‘ನಮ್ಮ ಕಿತ್ತಯ್ಯ’ ಅಂತಾರೆ.

ನಗರದ ಮಿಥಿಕ್ ಸೊಸೈಟಿಯವರು ಇಂಥ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಕಲ್ಲು ಹಾಳಾದರೂ ಅಕ್ಷರ ಉಳಿಯುತ್ತದೆ. 1905ರಲ್ಲಿ ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಮಾಡಿದರಲ್ಲ, ಅದನ್ನು ಹಿಡಿದುಕೊಂಡು ಹೋದರೆ ಎಷ್ಟೋ ಕಲ್ಲುಗಳು ಈಗ ಜಾಗದಲ್ಲೇ ಇಲ್ಲ.

ನಿವೃತ್ತ ಮೇಷ್ಟ್ರು

ಕಿತ್ತಯ್ಯನಿಗೆ ಊರವರು ಇದ್ದರು, ಉಳಿದ. ಎಲ್ಲ ಕಲ್ಲಿಗೂ ಊರವರು ಇರುವುದಿಲ್ಲ. ಆತಕೂರಿನ ಕಲ್ಲು ಮ್ಯೂಸಿಯಂಗೆ ಬರದಿದ್ದರೆ ಕಲ್ಲೋದುಗರು ಇವತ್ತು ಆ ಕಥೆ ಹೇಳುತ್ತಿದ್ದರೋ ಇಲ್ಲವೋ! ನಾನು ಯಾವ ಪಕ್ಷವೂ ಅಲ್ಲ. ಊರಿನಲ್ಲಿ ಕಾಯುವವರಿದ್ದರೆ ಬಿಡಿ, ಇಲ್ಲದಿದ್ದರೆ ತನ್ನಿ. ತಂದಮೇಲೆ ಅದರ ಪ್ರತಿಕೃತಿಯನ್ನು ಊರಿಗೆ ಕೊಡಿ.

ಸೈಕಲ್ ಚೈನು

ನೀವೆಲ್ಲ ಗಂಗರು, ಚೋಳರು ಅಂತಿದ್ದೀರಿ. ನನಗೆ ನೀರಿನ ಕಟ್ಟಡಗಳು ಇಷ್ಟ.

ಹೆಸರಘಟ್ಟ ಕೆರೆ ಕಡೆ ಸೈಕಲ್ ತುಳಿದಿದ್ದೀರಾ? ಬೆಂಗಳೂರಿಗೆ ಮೊದಲ ಸಲ ನಲ್ಲಿಯಲ್ಲಿ ನೀರು ಬಂದದ್ದು ಅಲ್ಲಿಂದ. ಅದಕ್ಕೂ ಮೊದಲು ಊರು ಧರ್ಮಾಂಬುಧಿ, ಸಂಪಂಗಿ ಅಂತ ಒಳಗಿನ ಕೆರೆಗಳನ್ನೇ ನಂಬಿಕೊಂಡಿತ್ತು. ಮಳೆ ಕೈಕೊಟ್ಟರೆ ಮುಗಿಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯಿಂದ ನೀರು ತರುವ ಯೋಜನೆ ಮುಗಿಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಕೆರೆಯಿಂದ ತರಬನಹಳ್ಳಿ ಕಡೆಗೆ ಇಟ್ಟಿಗೆಯ ಕಾಲುವೆ. ಹಳ್ಳ ಬಂದ ಕಡೆ ಕಮಾನುಗಳ ಮೇಲೆ ಹೋಗುತ್ತದೆ. ಪಂಪು ಇಲ್ಲ, ಇಳಿಜಾರಿನಲ್ಲೇ ನೀರು ಹರಿಯಬೇಕು. ಅಂದರೆ ಅಷ್ಟು ದೂರಕ್ಕೂ ಇಳಿಜಾರು ಲೆಕ್ಕ ಹಾಕಿ ಇಟ್ಟಿಗೆ ಜೋಡಿಸಿದ್ದಾರೆ. ಆಮೇಲೆ ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರದಿಂದ ಮೇಲೆತ್ತಿ ಮಲ್ಲೇಶ್ವರದ ಕಡೆಗೆ ಕಳಿಸುತ್ತಿದ್ದರು. ಹೆಸರಘಟ್ಟ ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಕಾವೇರಿ ಎಲ್ಲ ಆಮೇಲಿನ ಮಾತು.

ಆ ಕಮಾನುಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಕೆಳಗೆ ಕುರಿ ಮೇಯುತ್ತಿರುತ್ತವೆ. ಬೋರ್ಡಿಲ್ಲ, ಟಿಕೆಟ್ಟಿಲ್ಲ, ಬೀಗವೂ ಇಲ್ಲ. ಇದೂ ಒಂದು ಮ್ಯೂಸಿಯಂ ಅಂತಲೇ ನನ್ನ ಲೆಕ್ಕ. ಹತ್ತಿರದಲ್ಲೇ ಐಗಂಡಪುರ, ಅರ್ಕಾವತಿ ದಡದಲ್ಲಿ ಹಳೇ ಗುಡಿಗಳ ಗುಂಪು. ಪಂಚಪಾಂಡವರು ಒಬ್ಬೊಬ್ಬರು ಒಂದೊಂದು ಲಿಂಗ ಇಟ್ಟರು ಅಂತ ಊರವರು ಹೇಳುತ್ತಾರೆ. ಧರ್ಮೇಶ್ವರನ ಗುಡಿ ಚೆನ್ನಾಗಿದೆ.

ಬೇಗ ಹೋಗಿ ಅಂತ ಹೇಳಲು ಕಾರಣ ಇದೆ. ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಹಳೇ ವೀಕ್ಷಣಾ ಗೋಪುರ ಇತ್ತು. ಇಡೀ ಭಾರತವನ್ನು ತ್ರಿಕೋನ ಹಾಕಿ ಅಳೆದರಲ್ಲ, ಆ ಸರ್ವೆಗೆ 1868ರಲ್ಲಿ ಇಲ್ಲಿ ಆಧಾರ ರೇಖೆ ಅಳೆದಾಗ ಕಟ್ಟಿದ್ದು. ‘ಮುಂದಿನ ವಾರ ಹೋಗೋಣ’ ಅಂತ ಮೂರು ವರ್ಷ ತಳ್ಳಿದೆ. ಈಗ ಗೋಪುರವೇ ಇಲ್ಲ.

ಮಾಗಡಿಯವಳು

ನನಗೆ ಹೊಟ್ಟೆ ಉರಿಯುವುದು ಬೀಗ ಹಾಕಿದ್ದಕ್ಕಲ್ಲ, ಬೀಗ ತೆಗೆದಮೇಲೆ ಕಾಣುವುದಕ್ಕೆ. ನಮ್ಮ ತಾತನ ಊರಿನ ಗುಡಿ. ಹೆಸರು ಹೇಳುವುದಿಲ್ಲ, ಊರವರೆಲ್ಲ ನೆಂಟರೇ. ಬಾಗಿಲ ಪಕ್ಕದ ಗೋಡೆಯಲ್ಲಿ ನಾಲ್ಕು ಸಾಲು ಬರಹ ಇತ್ತು. ಚಿಕ್ಕವಳಿದ್ದಾಗ ಬೆರಳಿಂದ ತಿದ್ದುತ್ತಿದ್ದೆ. ಹೋದ ವರ್ಷ ಜೀರ್ಣೋದ್ಧಾರ ಆಯಿತು. ಹೋಗಿ ನೋಡಿದರೆ ಗೋಡೆಗೆಲ್ಲ ಮಿರಿ ಮಿರಿ ಮಿಂಚುವ ಟೈಲ್ಸ್. ಕಂಬಗಳಿಗೆ ಎಣ್ಣೆ ಬಣ್ಣ. ಅಕ್ಷರ ಎಲ್ಲಿ ಅಂದರೆ ‘ಅದರ ಹಿಂದೆ ಇದೆ ಬಿಡಮ್ಮ, ಎಲ್ಲೂ ಹೋಗಲ್ಲ’ ಅಂದರು! ಯಾರಿಗೂ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ. ಭಕ್ತಿಯಿಂದಲೇ, ಚಂದಾ ಎತ್ತಿ ಮಾಡಿದ್ದು.

ನಮ್ಮ ಕಡೆ ಬರುವವರು ಸಾವನದುರ್ಗ ಹತ್ತಿ ವಾಪಸ್ ಹೋಗುತ್ತಾರೆ. ಮಾಗಡಿ ಊರೊಳಗೆ ಕೋಟೆ, ಸೋಮೇಶ್ವರ, ರಂಗನಾಥ ಇವೆ. ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ. 2015ರಲ್ಲಿ ಅದು ಬೆಳಕಿಗೆ ಬರುವವರೆಗೆ ನಮ್ಮವರಿಗೆ ಅದು ಹೊಲದ ಪಕ್ಕದ ಹಳೇ ಮಂಟಪ, ಅಷ್ಟೇ.

ಹೆಂಗಸರಿಗೆ ಇನ್ನೊಂದು ಮಾತು. ಬಹಳ ಕಡೆ ಶೌಚಾಲಯ ಇರುವುದಿಲ್ಲ, ಇದ್ದರೂ ಬೀಗ. ಅದರ ಬೀಗದ ಕೈ ಮಾತ್ರ ಯಾರ ಹತ್ರವೂ ಇರುವುದಿಲ್ಲ. ಹೊರಡುವಾಗ ದಾರಿಯ ದೊಡ್ಡ ಹೋಟೆಲ್ ನೋಡಿಕೊಳ್ಳಿ. ಸಂಕೋಚ ಬಿಟ್ಟು ಯಾವುದಾದರೂ ಮನೆಯಲ್ಲಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಮೇಲೆ ಮಜ್ಜಿಗೆಯನ್ನೂ ಕೊಡುತ್ತಾರೆ.

ಕಲ್ಲೋದುಗ

ಅಮ್ಮಾ, ಆ ನಾಲ್ಕು ಸಾಲಿನ ಹಳೇ ಫೋಟೋ ಮನೆಯಲ್ಲಿ ಯಾರ ಹತ್ರವಾದರೂ ಇದೆಯಾ ನೋಡಿ. ಮದುವೆ ಆಲ್ಬಮ್ ತಿರುವಿ. ಗುಡಿಯ ಬಾಗಿಲಲ್ಲಿ ಗಂಡು ಹೆಣ್ಣು ನಿಂತ ಫೋಟೋದ ಹಿಂದೆ ಎಷ್ಟೋ ಶಾಸನ ಸಿಕ್ಕಿವೆ ನನಗೆ.

ಫೋಟೋ ತೆಗೆಯುವವರಿಗೂ ಒಂದು ಮಾತು. ನಡು ಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆರಳು ಅಕ್ಷರದೊಳಗೆ ಕೂರುತ್ತದೆ. ಇಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಸೀಮೆಸುಣ್ಣ, ಬಣ್ಣ, ತಂತಿ ಬ್ರಷ್ ಯಾವುದೂ ಬೇಡ.

ಮಾಗಡಿಯವಳು

ಸಿಕ್ಕಿತು!! ಚಿಕ್ಕಪ್ಪನ ಮದುವೆ, ಕಪ್ಪು ಬಿಳುಪು. ಚಿಕ್ಕಮ್ಮನ ಭುಜದ ಹಿಂದೆ ಎರಡೂವರೆ ಸಾಲು. ಉಳಿದದ್ದಕ್ಕೆ ಚಿಕ್ಕಪ್ಪನ ಪೇಟ ಅಡ್ಡ. ನಾಳೆ ಸ್ಕ್ಯಾನ್ ಮಾಡಿ ಹಾಕುತ್ತೇನೆ.

ರಾಜಾಜಿನಗರದ ಅಪ್ಪ

ಎರಡು ವಾರ ಆಯಿತು. ನೀವೆಲ್ಲ ಇಷ್ಟು ಬರೆದಮೇಲೆ ವರದಿ ಒಪ್ಪಿಸದೇ ಇದ್ದರೆ ತಪ್ಪಾಗುತ್ತದೆ.

ಅಮ್ಮನ ಮಂಡಿ ನೋಡಿಕೊಂಡು ರಾಮನಗರದ ಜಾನಪದ ಲೋಕ ಆರಿಸಿದೆವು. ಮೈಸೂರು ರಸ್ತೆಯಲ್ಲಿ ನೂರು ಸಲ ಅದರ ಮುಂದೆಯೇ ಹೋಗಿದ್ದೇನೆ. ಬಿಡದಿಯ ತಟ್ಟೆ ಇಡ್ಲಿಗೆ ನಿಲ್ಲಿಸುವವನು ಇಲ್ಲಿಗೆ ಒಮ್ಮೆಯೂ ನಿಲ್ಲಿಸಿರಲಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ಶುರುವಾಯಿತು. ಐಎಎಸ್ ಅಧಿಕಾರಿಯಾಗಿದ್ದವರು ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆ, ಪಾತ್ರೆ, ಪಗಡೆ ಎಲ್ಲ ಒಟ್ಟು ಹಾಕಿದ್ದಾರೆ. ಲೋಕಮಹಲ್ ಅನ್ನುವ ಕಟ್ಟಡದಲ್ಲಿ ತೊಗಲುಗೊಂಬೆ, ಸೋಮನ ಮುಖ, ವಾದ್ಯಗಳು. ಸಣ್ಣ ಮ್ಯೂಸಿಯಂ ಅಂತ ಹೇಳುವ ಹಾಗಿಲ್ಲ, ಹದಿನೈದು ಎಕರೆ ಜಾಗ.

ಅಮ್ಮ ಮೊದಲು ‘ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀವು ನೋಡಿ ಬನ್ನಿ’ ಅಂದರು. ಅಳತೆ ಪಾತ್ರೆಗಳ ಹತ್ತಿರ ಬಂದಾಗ ಎದ್ದರು. ಮಗಳನ್ನು ಕರೆದು, ‘ಇದು ಚಟಾಕು, ಇದು ಪಾವು. ಎರಡು ಪಾವು ಅಚ್ಚೇರು. ಎರಡು ಅಚ್ಚೇರು ಸೇರು’ ಅಂತ ಶುರು ಮಾಡಿದರು. ಪಕ್ಕದಲ್ಲಿ ಯಾರದೋ ಶಾಲೆಯ ಮಕ್ಕಳು. ಅವರೂ ಸೇರಿಕೊಂಡರು. ಅಮ್ಮನಿಗೆ ಉತ್ಸಾಹ ಬಂತು. ಬೀಸುವ ಕಲ್ಲಿನ ಹತ್ತಿರ ರಾಗಿ ಬೀಸುವ ಪದ ಎರಡು ಸಾಲು ಹೇಳಿದರು. ನಲವತ್ತೆಂಟು ವರ್ಷದಲ್ಲಿ ನಾನು ಆ ಪದ ಕೇಳಿಯೇ ಇರಲಿಲ್ಲ. ‘ಯಾವಾಗ ಕಲಿತೆ’ ಅಂದರೆ, ‘ನೀನು ಯಾವತ್ತು ಕೇಳಿದ್ದೆ’ ಅಂದರು.

ಕಡಲೆಯವರೇ, ಐಸ್‌ಕ್ರೀಂ ನೆನಪಾಗಿದ್ದು ವಾಪಸ್ ಬರುವಾಗ ಕೆಂಗೇರಿ ಹತ್ತಿರ.

ಚಿಂತಾಮಣಿ ಕಡಲೆ

ಸರಿ ಸರಿ. ನಮ್ಮಮ್ಮನಿಗೂ ಮಂಡಿ ನೋವು, ಮನೆಯಲ್ಲಿ ಕೂತು ಸೀರಿಯಲ್ ನೋಡುತ್ತಾರೆ. ನಮ್ಮ ಚಿಂತಾಮಣಿ ಕಡೆ ಹತ್ತುವುದಿಲ್ಲದ ಜಾಗ ಯಾವುದಿದೆ? ಕೈವಾರ ಬಿಟ್ಟು ಹೇಳಿ, ಅದನ್ನು ನೋಡಿದ್ದಾರೆ.

ಯಲಹಂಕದವಳು

ಮುಳಬಾಗಿಲ ಹತ್ತಿರ ಕುರುಡುಮಲೆ. ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ಗಣಪತಿ. ಅಲ್ಲಿಂದ ಆವಣಿಗೆ ಹೋಗಿ. ನೊಳಂಬರ ಕಾಲದ ಗುಡಿಗಳು ಒಂದೇ ಅಂಗಳದಲ್ಲಿವೆ. ಬೆಟ್ಟ ಹತ್ತದೇ ಇದ್ದರೂ ಅಷ್ಟು ಸಾಕು.

ಕಲ್ಲೋದುಗ

ಬರುವ ಶನಿವಾರ ನಾನು ಮಣ್ಣೆಗೆ ಹೋಗುತ್ತಿದ್ದೇನೆ. ನೆಲಮಂಗಲ ತಾಲೂಕು, ತ್ಯಾಮಗೊಂಡ್ಲು ಹತ್ತಿರ. ಶಾಸನಗಳಲ್ಲಿ ಮಾನ್ಯಪುರ ಅಂತ ಬರುತ್ತದೆ. 8ನೇ ಶತಮಾನದಲ್ಲಿ ಹೆಬ್ಬಾಳದ ಕಿತ್ತಯ್ಯನ ದೊರೆ ಶ್ರೀಪುರುಷ ರಾಜ್ಯ ಆಳಿದ್ದು ಅಲ್ಲಿಂದ. ರಾಜಧಾನಿಯಾಗಿದ್ದ ಊರು ಈಗ ಸುಮ್ನೆ ಒಂದು ಹಳ್ಳಿ. ಪಾಳು ಬಿದ್ದ ಕಪಿಲೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ನೋಡಲು ಹೋಗುತ್ತಿದ್ದೇನೆ. ಯಾರಾದರೂ ಬರುತ್ತೀರಾ? ಬೆಳಗ್ಗೆ ಆರೂವರೆಗೆ ಗೊರಗುಂಟೆಪಾಳ್ಯ.

ಹೆಬ್ಬಾಳದ ಹುಡುಗ

ನಾನು ಬರುತ್ತೇನೆ. ಅಜ್ಜಿಯೂ ಬರುತ್ತಾರಂತೆ. ‘ಕಿತ್ತಯ್ಯನ ದೊರೆ ಊರು’ ಅಂದದ್ದಕ್ಕೆ ಈಗಲೇ ಬುತ್ತಿಯ ಲೆಕ್ಕ ಹಾಕುತ್ತಿದ್ದಾರೆ.

ಸೈಕಲ್ ಚೈನು

ನಾನು ಸೈಕಲ್ಲಿನಲ್ಲಿ ಬಂದು ಅಲ್ಲೇ ಸೇರಿಕೊಳ್ಳುತ್ತೇನೆ.

ರಾಜಾಜಿನಗರದ ಅಪ್ಪ

ನಾವು ಮೂರು ಜನ. ಅಂದಹಾಗೆ ಮಣ್ಣೆಯಲ್ಲಿ ಬೀಗದ ಕೈ ಯಾರ ಹತ್ರ?

ಕಲ್ಲೋದುಗ

ಕಪಿಲೇಶ್ವರನಿಗೆ ಬಾಗಿಲ ಚೌಕಟ್ಟು ಮಾತ್ರ ಇದೆ ಸ್ವಾಮಿ, ಬಾಗಿಲೇ ಇಲ್ಲ. ಬುತ್ತಿ ಜಾಸ್ತಿ ತರಲು ಹೇಳಿ.